ಪದಚರ್ಚೆ: ಬೋರ್ಡಿನ ಜೋಂಪು, ನಿದ್ದೆ ಮತ್ತು ‘ಕೂತುಣ್ಣುವ ಕರೆಂಟು’

ಎಲ್ಲರಿಗೂ ನಮಸ್ಕಾರ.

ಪುಣೆಯ ನಮ್ಮ ಸೊಸೈಟಿಯಲ್ಲಿ ನಾಲ್ಕೈದು ಕನ್ನಡದ ಮಕ್ಕಳಿಗೆ ಭಾನುವಾರ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತೇನೆ. ಅವರಿಗಾಗಿ ಕನ್ನಡದಲ್ಲೇ ಟಿಪ್ಪಣಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಬಾಲ್ಕನಿಯ ಕುಂಡದಲ್ಲಿ ಮಣ್ಣಿನ ತೇವ ಅಳೆಯುವ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪಿನ ಬೋರ್ಡು ಇದೆ. ಅದಕ್ಕೆ ಒಂದರ ಹಿಂದೊಂದು ಜೋಡಿಸಿದ ಮೂರು ಪೆನ್ಸಿಲ್ ಸೆಲ್ಲು. ಗಂಟೆಗೊಮ್ಮೆ ಎದ್ದು, ಅಳೆದು, ಮತ್ತೆ ಮಲಗಬೇಕು. ಮಲಗುವುದರಲ್ಲಿ ಎರಡು ಬಗೆ. ಲೈಟ್ ಸ್ಲೀಪಿನಲ್ಲಿ ಚಿಪ್ಪಿಗೆ ಎಲ್ಲ ನೆನಪಿರುತ್ತದೆ, ಎದ್ದಾಗ ಬಿಟ್ಟ ಸಾಲಿನಿಂದಲೇ ಮುಂದುವರಿಯುತ್ತದೆ. ಖರ್ಚು ಸುಮಾರು 0.8 ಮಿಲಿಆಂಪಿಯರ್. ಡೀಪ್ ಸ್ಲೀಪಿನಲ್ಲಿ ಮುಖ್ಯ ಮೆಮೊರಿ ಅಳಿಸಿಹೋಗುತ್ತದೆ, ಎದ್ದರೆ ಪ್ರೋಗ್ರಾಮು ಮೊದಲಿನಿಂದ ಶುರು. ಆದರೆ ಖರ್ಚು ಬರೀ 10 ಮೈಕ್ರೋಆಂಪಿಯರ್.

ಲಘುನಿದ್ರೆ, ಗಾಢನಿದ್ರೆ ಎಂದು ಬರೆದು ನೋಡಿದೆ. ನಿದ್ದೆ ಎಷ್ಟು ಎಂದು ತಿಳಿಯುತ್ತದೆ, ನೆನಪು ಉಳಿಯಿತೋ ಇಲ್ಲವೋ ತಿಳಿಯುವುದಿಲ್ಲ. ನಮ್ಮಮ್ಮ ವಿಜಯಪುರದ ಕಡೆಯವರು. ಮಧ್ಯಾಹ್ನ ಟಿವಿ ಮುಂದೆ ಕಣ್ಣು ಮುಚ್ಚಿರುತ್ತಾರೆ. ಆರಿಸಲು ಹೋದರೆ, “ಯಾಕ ಬಂದ್ ಮಾಡ್ತಿ? ನಿದ್ದಿ ಹತ್ತಿಲ್ಲ, ಜ್ವಂಪ ಹತ್ತೇದ ಅಷ್ಟ” ಎನ್ನುತ್ತಾರೆ. ಧಾರಾವಾಹಿಯ ಕತೆ ಎಲ್ಲಿಗೆ ಬಂತು ಅಂತ ಕೇಳಿ, ಸರಿಯಾಗಿ ಹೇಳುತ್ತಾರೆ! ಹಾಗಾಗಿ ಮೊದಲನೆಯದು ‘ಜೋಂಪು’ ಎಂದೇ ನನ್ನ ಮನಸ್ಸು. ಎರಡನೆಯದಕ್ಕೆ ‘ಮೈಮರೆವು’ ಎನ್ನೋಣವೆಂದರೆ ಸಂತೋಷದಲ್ಲಿ ಮೈಮರೆಯುವುದೂ ನೆನಪಾಗುತ್ತದೆ, ಅಲ್ವಾ? ‘ಮೈಮರೆತ ನಿದ್ದೆ’ ಅಂದರೆ ಆ ಗೊಂದಲ ಇರಲಾರದು.

ಏಳುವ ವಿಷಯದಲ್ಲಿ ಕನ್ನಡ ತಾನೇ ದಾರಿ ತೋರಿಸಿತು. ಒಳಗಿನ ಟೈಮರ್‌ನಿಂದ ಎದ್ದರೆ ‘ಎಚ್ಚರವಾಗುವುದು’, ಹೊರಗಿನ ಬಟನ್ ಒತ್ತಿದರೆ ‘ಎಬ್ಬಿಸುವುದು’.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ಸೆಲ್ಲು ಹದಿನೈದೇ ದಿನಕ್ಕೆ ಖಾಲಿಯಾಗುತ್ತಿತ್ತು. ಮೀಟರ್ ಹಚ್ಚಿ ನೋಡಿದೆ. ಮಲಗಿದ್ದಾಗಲೂ 7 ಮಿಲಿಆಂಪಿಯರ್! ಸೆಲ್ಲಿನಲ್ಲಿರುವುದು 2500 ಮಿಲಿಆಂಪಿಯರ್-ಗಂಟೆ. ಏಳರಿಂದ ಭಾಗಿಸಿದರೆ ಸುಮಾರು 357 ಗಂಟೆ, ಅಂದರೆ ಅದೇ ಹದಿನೈದು ದಿನ. ಚಿಪ್ಪಿನ ತಪ್ಪೇನೂ ಇರಲಿಲ್ಲ. ಬೋರ್ಡಿನ ಮೇಲಿದ್ದ 1117 ಬಗೆಯ ರೆಗ್ಯುಲೇಟರ್ (ಚಿಪ್ಪಿಗೆ ಬೇಕಾದಷ್ಟೇ ವೋಲ್ಟೇಜ್ ಕೊಡುವ ಬಿಡಿಭಾಗ) ಸುಮ್ನೆ ಕೂತಿರಲಿಕ್ಕೇ ಸುಮಾರು 5 ಮಿಲಿಆಂಪಿಯರ್ ಬೇಡುತ್ತದೆ. ಉಳಿದದ್ದು ಕೆಂಪು ಎಲ್‌ಇಡಿ ಮತ್ತು ಯುಎಸ್‌ಬಿ ಚಿಪ್ಪಿನ ಪಾಲು.

ಬೇರೆ ರೆಗ್ಯುಲೇಟರ್ ಕೇಳಲು ಬುಧವಾರ ಪೇಠೆಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ತಪಕೀರ್ ಗಲ್ಲಿಗೆ ಹೋದೆ. ಅಂಗಡಿಯವರು ಮರಾಠಿಯಲ್ಲಿ ಮೊದಲು ಕೇಳಿದ್ದೇ “ಝೋಪೇತ್ ಕಿತೀ ಖಾತೋ?” ಅಂತ. ನಿದ್ದೆಯಲ್ಲಿ ಎಷ್ಟು ತಿನ್ನುತ್ತದೆ! ಕೆಲವೇ ಮೈಕ್ರೋಆಂಪಿಯರ್ ಸಾಕೆನ್ನುವಂಥದ್ದು ಕೊಟ್ಟರು. ಎಲ್‌ಇಡಿಯನ್ನೂ ಬಿಚ್ಚಿ ತೆಗೆದೆ.

ರೆಗ್ಯುಲೇಟರ್ ಸುಮ್ನೆ ಕೂತು ಮಾಡುವ ಈ ಖರ್ಚನ್ನು ‘ಸೋರಿಕೆ’ ಎನ್ನಲು ನನಗೆ ಮನಸ್ಸಿಲ್ಲ. ಸೋರುವುದು ಬಿರುಕಿನಿಂದ. ಇಲ್ಲಿ ಬಿರುಕೇ ಇಲ್ಲ, ಆ ಬಿಡಿಭಾಗ ಇರಬೇಕಾದ ಹಾಗೇ ಇದೆ. ‘ಕೂತುಂಡರೆ ಕುಡಿಕೆ ಹೊನ್ನು ಸಾಲದು’ ಎನ್ನುತ್ತೇವಲ್ಲ, ಅದರಿಂದ ‘ಕೂತುಣ್ಣುವ ಕರೆಂಟು’ ಎಂದು ಬರೆದಿದ್ದೇನೆ. ಸೆಲ್ಲೇ ಆ ಕುಡಿಕೆ. ಮಕ್ಕಳಿಗೆ ಕೂಡಲೇ ಹತ್ತಿತು.

ಒಂದೇ ಅನುಮಾನ. ‘ಕೂತುಣ್ಣು’ ಎಂಬುದರಲ್ಲಿ ಬೈಗುಳದ ವಾಸನೆ ಇದೆ. ರೆಗ್ಯುಲೇಟರ್ ಸೋಮಾರಿಯಲ್ಲ, ಚಿಪ್ ಮಲಗಿದ್ದಾಗಲೂ 3.3 ವೋಲ್ಟ್ ಕಾಯ್ದುಕೊಂಡಿರುತ್ತದೆ. ಕಾವಲುಗಾರನ ಊಟದ ಹಾಗೆ, ಬೈಗುಳವಿಲ್ಲದೆ ಇದನ್ನು ಹೇಳುವ ಮಾತು ನಿಮ್ಮ ಕಡೆ ಇದೆಯೇ? ಮಂಗಳೂರು, ಮೈಸೂರು ಕಡೆಯವರು ಜೋಂಪಿಗೆ ಏನೆನ್ನುತ್ತೀರಿ ಎಂದೂ ತಿಳಿಸಿ.