ಪ್ರಶ್ನೋತ್ತರ: ಬಿಟಿ ಹತ್ತಿ ಒಂದೇ ಮಳೆಗೆ ಯಾಕೆ ಜೋತು ಬಿತ್ತು?

ಪ್ರಶ್ನೆ (ಪುಣೆ ಹತ್ತಿರದ ಚಿಂಚವಡದಿಂದ):
ನಮಸ್ಕಾರ ಸರ್. ನಾನು ಇಲ್ಲಿ ಚಾಕಣದಲ್ಲಿ ಕೆಲಸಕ್ಕಿದ್ದೇನೆ, ಹೊಲ ಇರುವುದು ಸವಣೂರಿನ ಹತ್ತಿರ. ನಾಲ್ಕು ಎಕರೆ ಎರೆ ಭೂಮಿ, ಅಪ್ಪ ನೋಡಿಕೊಳ್ಳುತ್ತಾರೆ. ಈ ಸಲ ಪೂರ್ತಿ ಬಿಟಿ ಹತ್ತಿ, ಕಾಯಿ ಕಟ್ಟುತ್ತಿದೆ. ಇಪ್ಪತ್ತೆರಡು ದಿನ ಒಂದು ಹನಿ ಬೀಳಲಿಲ್ಲ, ನಿನ್ನೆ ರಾತ್ರಿಯಿಡೀ ಸುರಿಯಿತು. ಇವತ್ತು ಬಿಸಿಲು ಬಿದ್ದಿದ್ದೇ ತಡ, ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನಕ್ಕೆ ಜೋತು ಬಿದ್ದಿದೆ. ಎಲ್ಲಾ ಗಿಡ ಅಲ್ಲ, ಅಲ್ಲೊಂದು ಇಲ್ಲೊಂದು. ಪಕ್ಕದ ಹೊಲದವರು ಇದು ಜೀನ್ ಬದಲಾಯಿಸಿದ ಬೆಳೆ, ಹವಾಮಾನ ತಡೆಯಲ್ಲ ಅಂತಾರೆ. ಬೀಜ ಕೊಟ್ಟ ಅಂಗಡಿಯವನು ಮಾತ್ರ ಇದು ಎಲ್ಲಾ ತಡೆಯುತ್ತೆ ಅಂದಿದ್ದ. ಯಾರ ಮಾತು ನಂಬಲಿ?

ಉತ್ತರ:
ಇಬ್ಬರ ಮಾತೂ ಬೇಡ. ಮೊದಲು ಅಪ್ಪನಿಗೆ ಫೋನ್ ಮಾಡಿ, ಸೊರಗಿದ ಒಂದು ಗಿಡ ಕಿತ್ತು ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿ ನೋಡಲು ಹೇಳಿ. ಒಳಗೆ ಕಂದು ಗೆರೆ ಕಂಡರೆ ಸೊರಗು ರೋಗ, ಅದು ಶಿಲೀಂಧ್ರದ್ದು. ಬೆಳ್ಳಗೆ, ಸ್ವಚ್ಛವಾಗಿದ್ದು ಬೇರೂ ಕೊಳೆತಿಲ್ಲ ಅಂದರೆ ಅದನ್ನು ಪ್ಯಾರಾವಿಲ್ಟ್ ಅಂತಾರೆ, ದಿಢೀರ್ ಸೊರಗು. ನೀವು ಹೇಳುವ ರೀತಿ ನೋಡಿದರೆ ಎರಡನೆಯದೇ ಅನಿಸುತ್ತದೆ, ಆದರೂ ಸೀಳಿ ನೋಡಿ.

ಎರೆ ಮಣ್ಣು ನೀರು ಕುಡಿದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ಬೇರಿಗೆ ಗಾಳಿ ಸಿಗಲ್ಲ. ಬೇರು ಉಸಿರುಕಟ್ಟಿದಾಗ ನೀರಿನಲ್ಲೇ ನಿಂತಿದ್ದರೂ ನೀರು ಎಳೆಯಲಾರದು, ಮೇಲೆ ಬಿಸಿಲು ಎಲೆಯಿಂದ ಎಳೆಯುತ್ತಲೇ ಇರುತ್ತದೆ. ಜೊತೆಗೆ ಎಥಿಲೀನ್ ಅನ್ನುವ ಅನಿಲ ಗಿಡದೊಳಗೇ ಜಾಸ್ತಿ ಆಗುತ್ತದೆ. ಬಾಳೆಹಣ್ಣು ಹಣ್ಣಾಗುವುದೂ ಅದರಿಂದಲೇ. ಎಲೆ, ಹೂ, ಮೊಗ್ಗು ಉದುರುವುದು ಅದರ ಕೆಲಸ.

ಈಗ ಮಾಡಬೇಕಾದ್ದು: ನಿಂತ ನೀರನ್ನು ಇವತ್ತೇ ಬಸಿದು ಹೊರಹಾಕಿ. ಕೋಬಾಲ್ಟ್ ಕ್ಲೋರೈಡ್ ಸಿಕ್ಕರೆ ಲೀಟರಿಗೆ 10 ಮಿಲಿಗ್ರಾಂ, ಅಂದರೆ 100 ಲೀಟರ್ ನೀರಿಗೆ ಒಂದೇ ಒಂದು ಗ್ರಾಂ, ಸೊರಗಿದ ಗಿಡಗಳಿಗೆ ಮಾತ್ರ ಸಿಂಪಡಿಸಬೇಕು. ಅದು ಎಥಿಲೀನ್ ತಯಾರಾಗುವುದನ್ನು ತಡೆಯುತ್ತದೆ. ಆದರೆ ಗಿಡ ಬಾಡಿದ ಕೆಲವೇ ಗಂಟೆಗಳಲ್ಲಿ ಆಗಬೇಕು, ಎರಡು ದಿನ ಬಿಟ್ಟು ಹೊಡೆದರೆ ದುಡ್ಡು ದಂಡ. ಕೈಗವಸು, ಮಾಸ್ಕ್ ಬೇಕೇ ಬೇಕು, ಅದು ವಿಷ. ಮಣ್ಣು ಹದಕ್ಕೆ ಬಂದ ಮೇಲೆ ಸಾಲಿನ ಮಧ್ಯೆ ಕುಂಟೆ ಹೊಡೆದು ಗಾಳಿಯಾಡಿಸಿ.

ಇನ್ನು ಜೀನ್ ವಿಷಯ. ನಮ್ಮ ದೇಶದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕ ಬಿಟಿ ಹತ್ತಿಯಲ್ಲಿ ಇದ್ದದ್ದು ಕ್ರೈ1ಎಸಿ ಅನ್ನುವ ಒಂದು ಜೀನ್, 2006ರಿಂದ ಬಂದದ್ದರಲ್ಲಿ ಕ್ರೈ2ಎಬಿ ಕೂಡ ಸೇರಿತು. ಎರಡೂ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ (ಅದೇ ಬಿಟಿ) ಅನ್ನುವ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದವು, ಎರಡರ ಕೆಲಸವೂ ಕಾಯಿಕೊರಕ ಹುಳಕ್ಕೆ ವಿಷ ತಯಾರಿಸುವುದು. ಬರ, ಮಳೆ, ಬಿಸಿಲಿಗೆ ಅದರಲ್ಲಿ ಏನೂ ಇಲ್ಲ. ನಿಮ್ಮ ಸೊಸೈಟಿಯ ವಾಚ್‌ಮನ್‌ಗೆ ಟ್ಯಾಂಕಿನಲ್ಲಿ ನೀರಿಲ್ಲ ಅಂತ ಬೈದರೆ ಅವನೇನು ಮಾಡಬೇಕು? ಅಂಗಡಿಯವನು ಹೇಳಿದ್ದು ಸುಮ್ನೆ ವ್ಯಾಪಾರದ ಮಾತು.

ಪ್ರಶ್ನೆ (ಹಿಂಜವಡಿಯಿಂದ ಇನ್ನೊಬ್ಬರು):
ಹಾಗಾದರೆ ಪಕ್ಕದ ಹೊಲದವರು ಹೇಳಿದ್ದು ಪೂರ್ತಿ ಸುಳ್ಳಾ? ನಮ್ಮ ರಾಣೆಬೆನ್ನೂರು ಕಡೆ ಬಿಟಿ ಬಂದ ಮೇಲೆಯೇ ಎಲೆ ಕೆಂಪಾಗುವುದು ಜಾಸ್ತಿ ಆಯಿತು ಅಂತ ಎಲ್ಲರೂ ಹೇಳುತ್ತಾರೆ.

ಉತ್ತರ:
ಪೂರ್ತಿ ಸುಳ್ಳಲ್ಲ, ಅದೇ ಮಜಾ. ಹಡಪಸರದಲ್ಲಿ ಮನೆ ಮಾಡುವ ಮೊದಲು ನಾನು ವರ್ಷಗಟ್ಟಲೆ ವಿದರ್ಭದ ಹತ್ತಿ ಹೊಲ ತಿರುಗಿದವನು, ಅಲ್ಲಿ ಇದಕ್ಕೆ ಲಾಲ್ಯಾ ಅಂತಾರೆ. ಮೊದಲೆಲ್ಲ ಹುಳ ತಿಂದು ಅರ್ಧ ಮೊಗ್ಗು ಉದುರಿ ಹೋಗುತ್ತಿತ್ತು, ಗಿಡ ಮತ್ತೆ ಚಿಗುರಿ ನಿಧಾನಕ್ಕೆ ಕಾಯಿ ಕಟ್ಟುತ್ತಿತ್ತು. ಈಗ ಹುಳದ ಕಾಟ ತಪ್ಪಿ ಕಾಯಿಗಳೆಲ್ಲ ಒಟ್ಟಿಗೇ ನಿಲ್ಲುತ್ತವೆ, ಅಷ್ಟೂ ಕಾಯಿಗೆ ಒಂದೇ ಸಲ ಊಟ ಬೇಕು. ಬೇರಿನಿಂದ ಬರುವುದು ಸಾಲದೆ ಗಿಡ ತನ್ನ ಎಲೆಯೊಳಗಿನ ಸಾರಜನಕ, ಮೆಗ್ನೀಸಿಯಂ ಎರಡನ್ನೂ ಕಿತ್ತು ಕಾಯಿಗೆ ಕಳಿಸುತ್ತದೆ. ಮೇಲಿಂದ ರಾತ್ರಿ ಚಳಿ ಬಿದ್ದರೆ ಹಸಿರು ಹೋಗಿ ಎಲೆ ಕೆಂಪಾಗುತ್ತದೆ. ಮಳೆಗೆ ಕುಸಿಯುವುದರಲ್ಲೂ ಇದರ ಪಾಲಿದೆ, ಮೈತುಂಬ ಕಾಯಿ ಹೊತ್ತ ಗಿಡಕ್ಕೇ ದಿಢೀರ್ ಸೊರಗು ಬೇಗ ಬರುತ್ತದೆ. ಅಂದರೆ ಜೀನ್ ತನ್ನ ಕೆಲಸ ಮಾಡಿದ್ದಕ್ಕೇ ಗಿಡದ ಮೇಲೆ ಹೊರೆ ಹೆಚ್ಚಾಯಿತು, ನಾವು ಮಾತ್ರ ಹಳೇ ಲೆಕ್ಕದಲ್ಲೇ ಗೊಬ್ಬರ ಹಾಕುತ್ತಿದ್ದೇವೆ. ಕಾಯಿ ಕಟ್ಟುವ ಹೊತ್ತಿಗೆ ಮೆಗ್ನೀಸಿಯಂ ಸಲ್ಫೇಟ್ ಲೀಟರಿಗೆ 10 ಗ್ರಾಂ ಸಿಂಪಡಿಸಿ, ಸಾರಜನಕವನ್ನು ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿ.

ಇನ್ನೊಂದು ವಿಷಯ ಯಾರೂ ರೈತರಿಗೆ ಬಿಡಿಸಿ ಹೇಳಲ್ಲ. ಬಿಟಿ ವಿಷ ಅಂದರೆ ಒಂದು ಪ್ರೋಟೀನ್. ಅದನ್ನು ಕಟ್ಟಲು ಗಿಡಕ್ಕೆ ಸಾರಜನಕ ಬೇಕು. ಬರ ಬಿದ್ದರೂ, ನೀರು ನಿಂತರೂ ಸಾರಜನಕ ಮೇಲೇರುವುದು ಕಡಿಮೆ, ಬಿಸಿಲು 37 ಡಿಗ್ರಿ ದಾಟಿ ದಿನಗಟ್ಟಲೆ ನಿಂತರೂ ಎಲೆಯಲ್ಲಿ ಈ ಪ್ರೋಟೀನ್ ಇಳಿಯುತ್ತದೆ. ವಾಚ್‌ಮನ್‌ಗೆ ಸಂಬಳ ನಿಂತ ಹಾಗೆ! ನಾಗಪುರದ ಕೇಂದ್ರ ಹತ್ತಿ ಸಂಶೋಧನಾ ಸಂಸ್ಥೆಯವರು 2005ರಲ್ಲೇ ನಮ್ಮ ಹೈಬ್ರಿಡ್‌ಗಳಲ್ಲಿ ಅಳೆದು ತೋರಿಸಿದ್ದಾರೆ: ಎಳೆ ಎಲೆಯಲ್ಲಿ ವಿಷ ಜಾಸ್ತಿ, ಕಾಯಿ ಸಿಪ್ಪೆಯಲ್ಲಿ ತೀರಾ ಕಡಿಮೆ, ಬಿತ್ತಿ 110 ದಿನ ದಾಟಿದ ಮೇಲೆ ಹುಳ ಸಾಯುವ ಮಟ್ಟಕ್ಕಿಂತ ಕೆಳಗೆ. ಹುಳ ಕೊರೆಯುವುದೇ ಕಾಯಿಯನ್ನು, ನೋಡಿ. ಅದರ ಮೇಲೆ ಗುಲಾಬಿ ಕಾಯಿಕೊರಕ ಈಗ ಎರಡೂ ಜೀನ್‌ಗಳ ವಿಷವನ್ನು ತಾಳಿಕೊಳ್ಳುವುದನ್ನು ಕಲಿತಿದೆ. ಹಾಗಾಗಿ ಬಿಟಿ ಇದೆ ಅಂತ ಕಾಯಿ ಒಡೆದು ನೋಡುವುದನ್ನು ಬಿಡಬೇಡಿ, ಅದರಲ್ಲೂ ಬರ ಅಥವಾ ಜಡಿಮಳೆ ಆದ ನಂತರದ ವಾರಗಳಲ್ಲಿ.

ಪ್ರಶ್ನೆ (ಕೋಥರೂಡಿನಿಂದ):
ಬರ ತಡೆಯುವ ಜೀನನ್ನೇ ಹಾಕಬಹುದಲ್ವಾ? ವಿದೇಶದಲ್ಲಿ ಇದೆ ಅಂತ ಕೇಳಿದ್ದೆ.

ಉತ್ತರ:
ಇದೆ. ಅಮೆರಿಕದಲ್ಲಿ 2013ರಿಂದ ಒಂದು ಮೆಕ್ಕೆಜೋಳ ಮಾರಾಟದಲ್ಲಿದೆ, ಅದರಲ್ಲಿ ಚಳಿಗೆ ಸಿಕ್ಕ ಬ್ಯಾಕ್ಟೀರಿಯಾ ತನ್ನನ್ನು ಉಳಿಸಿಕೊಳ್ಳಲು ಬಳಸುವ ಜೀನ್ ಹಾಕಿದ್ದಾರೆ. ಅರ್ಜೆಂಟೀನಾ 2020ರಲ್ಲಿ ಎಚ್‌ಬಿ4 ಅನ್ನುವ ಗೋಧಿಗೆ ಒಪ್ಪಿಗೆ ಕೊಟ್ಟಿತು, ಅದರ ಜೀನ್ ಸೂರ್ಯಕಾಂತಿಯದು. ಆದರೆ ಆಸೆ ಜಾಸ್ತಿ ಬೇಡ. ಇವು ಸ್ವಲ್ಪ ನೀರು ಕಡಿಮೆಯಾದಾಗ ಇಳುವರಿ ಬೀಳುವುದನ್ನು ತಗ್ಗಿಸುತ್ತವೆ, ಹೊಲ ಬಿರುಕು ಬಿಟ್ಟರೆ ಯಾವ ಜೀನೂ ಕಾಯಲ್ಲ. ಹುಳಕ್ಕೆ ಒಂದು ವಿಷ ಸಾಕು. ಬರ ಅಂದರೆ ಬೇರು, ಎಲೆಯ ರಂಧ್ರ, ಹೂ ಬಿಡುವ ದಿನ ಎಲ್ಲಾ ಸೇರಿದ್ದು, ಒಂದು ಸ್ವಿಚ್ ಒತ್ತಿದರೆ ಬಗೆಹರಿಯುವಂಥದ್ದಲ್ಲ.

ಪ್ರಶ್ನೆ (ಮಡಗಾವಿನಿಂದ):
ಸರ್, ನಾನು ಕುಮಟಾದವನು, ಈಗ ಗೋವಾದಲ್ಲಿ. ಉಪ್ಪು ನೀರಿನ ಗದ್ದೆಗೆ ಏನಾದರೂ ಬಂದಿದೆಯಾ?

ಉತ್ತರ:
ನಿಮ್ಮಲ್ಲೇ ಇದೆಯಲ್ಲ! ಅಘನಾಶಿನಿ ದಂಡೆಯ ಕಗ್ಗ, ಗೋವಾದ ಖಾಜನ್ ಗದ್ದೆಗಳ (ಉಪ್ಪು ನೀರು ತಡೆಯಲು ಕಟ್ಟೆ ಹಾಕಿದ ಗದ್ದೆಗಳ) ಕೊರಗುಟ್, ಎರಡೂ ಉಪ್ಪಿನಲ್ಲಿ ಬೆಳೆಯುವ ಹಳೇ ತಳಿಗಳು. ಹೊಸದು ಬೇಕೆಂದರೆ 2025ರ ಮೇ ತಿಂಗಳಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಪೂಸಾ ಡಿಎಸ್‌ಟಿ ರೈಸ್ 1 ಅಂತ ಒಂದು ಭತ್ತ ಪ್ರಕಟಿಸಿದೆ. ಇದು ಬಿಟಿ ಥರ ಅಲ್ಲ, ಹೊರಗಿನ ಜೀನ್ ಇಲ್ಲ. ಎಂಟಿಯು 1010 ಭತ್ತದಲ್ಲೇ ಇದ್ದ ಡಿಎಸ್‌ಟಿ ಅನ್ನುವ ಜೀನನ್ನು ಕತ್ತರಿಸಿ ಕೆಲಸ ಮಾಡದ ಹಾಗೆ ಮಾಡಿದ್ದಾರೆ. ಆಗ ಎಲೆಯಲ್ಲಿ ರಂಧ್ರಗಳು ಕಡಿಮೆಯಾಗಿ ನೀರು ಆವಿಯಾಗುವುದು ತಗ್ಗುತ್ತದೆ, ಉಪ್ಪನ್ನೂ ತಡೆಯುತ್ತದೆ. ಆದರೆ ಖಾಜನ್ ಕಟ್ಟೆ ಒಡೆದು ಸಮುದ್ರದ ನೀರು ನುಗ್ಗುವ ಗದ್ದೆಗೆ ಮೊದಲು ಕಟ್ಟೆ ಸರಿಮಾಡಿ, ಬೀಜ ಆಮೇಲೆ.

ಪ್ರಶ್ನೆ ಕೇಳಿದವರು (ಚಿಂಚವಡ, ಸಂಜೆ):
ಅಪ್ಪ ಮೂರು ಗಿಡ ಸೀಳಿದರು, ಮೂರೂ ಒಳಗೆ ಬೆಳ್ಳಗಿವೆ. ಕೆಳಗಿನ ಬದುವಿನ ಹತ್ತಿರ ನೀರು ನಿಂತಿತ್ತಂತೆ, ಒಡೆದು ಬಿಟ್ಟಿದ್ದಾರೆ. ಕೋಬಾಲ್ಟ್ ಊರಲ್ಲಿ ಸಿಗಲಿಲ್ಲ, ತಮ್ಮ ಹುಬ್ಬಳ್ಳಿಯಿಂದ ತರಲು ಹೊರಟಿದ್ದಾನೆ, ಬರುವಷ್ಟರಲ್ಲಿ ರಾತ್ರಿ ಆಗುತ್ತದೆ.

ಉತ್ತರ:
ರಾತ್ರಿ ಹೊಡೆಯುವುದು ಬೇಡ, ನಾಳೆ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಹೊಡೆಯಲಿ. ತಡವಾಗಿದೆ, ಎಲ್ಲಾ ಗಿಡ ಉಳಿಯಲ್ಲ. ಪೂರ್ತಿ ಒಣಗಿದವಕ್ಕೆ ಔಷಧ ಹಾಳು ಮಾಡಬೇಡಿ, ತುದಿ ಎಲೆ ಇನ್ನೂ ಮೆತ್ತಗಿರುವ ಗಿಡಗಳನ್ನು ಮಾತ್ರ ಆರಿಸಿಕೊಳ್ಳಿ. ಗ್ರಾಂ ತೂಗಲು ಅಕ್ಕಸಾಲಿಗರ ತಕ್ಕಡಿ ಬೇಕಾಗುತ್ತದೆ, ಚಮಚದ ಅಂದಾಜು ಬೇಡವೇ ಬೇಡ.