ಕ್ಯಾರೆಕ್ಟರ್ ಡಿಸೈನ್ ಹವ್ಯಾಸದಿಂದ ಹೊಟ್ಟೆ ತುಂಬುತ್ತದಾ?

ಮೀನಜ್ಜಿ_ಸ್ಕೆಚ್

ಎಲ್ಲರಿಗೂ ನಮಸ್ಕಾರ. ಊರು ಶಿರಸಿ ಹತ್ತಿರ, ವಯಸ್ಸು 23. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ರಾತ್ರಿ ಊಟ ಆದಮೇಲೆ ಹನ್ನೆರಡರ ತನಕ ಚಿತ್ರ. ಮೊದಲು ಫೋನಿನಲ್ಲಿ ಐಬಿಸ್ ಪೇಂಟ್ ಹಾಕಿಕೊಂಡು ಬೆರಳಲ್ಲೇ ಗೀಚುತ್ತಿದ್ದೆ. ಹೋದ ವರ್ಷ ದೀಪಾವಳಿ ಬೋನಸ್ಸಿನಲ್ಲಿ ಒಂದು ಸಣ್ಣ ಪೆನ್ ಟ್ಯಾಬ್ಲೆಟ್ ತೆಗೆದುಕೊಂಡೆ, ಈಗ ಲ್ಯಾಪ್‌ಟಾಪಿನಲ್ಲಿ ಕ್ರಿಟಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್.

ನಾನು ಬರೆಯುವುದು ಬರೀ ಪಾತ್ರಗಳು. ಜಾಸ್ತಿ ಬರೆದಿರುವುದು ಒಬ್ಬ ಅಜ್ಜಿಯನ್ನು. ಹಗಲು ಕುಮಟಾ ಪೇಟೆಯಲ್ಲಿ ಮೀನು ಮಾರುತ್ತಾಳೆ, ರಾತ್ರಿ ಮೆಟ್ಟುಗತ್ತಿ (ಈಳಿಗೆಮಣೆ) ಹಿಡಿದು ದೆವ್ವ ಓಡಿಸುತ್ತಾಳೆ. ಇನ್‌ಸ್ಟಾದಲ್ಲಿ ಅವಳ ನಲವತ್ತು ಚಿತ್ರ ಇವೆ. ಜನ "ಅಕ್ಕಾ ಸೂಪರ್" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಇಷ್ಟರ ತನಕ ಬಂದ ದುಡ್ಡು 500 ರೂಪಾಯಿ, ಒಬ್ಬರು ಮಗಳ ಹುಟ್ಟುಹಬ್ಬಕ್ಕೆ ಬರೆಸಿಕೊಂಡರು. ಇನ್ನೊಬ್ಬರು ಕೊಡುತ್ತೇನೆ ಅಂದವರು ಇನ್ನೂ ಕೊಡುತ್ತಲೇ ಇದ್ದಾರೆ.

ಇದನ್ನೇ ಕೆಲಸ ಮಾಡಿಕೊಳ್ಳಬೇಕು ಅಂತ ಆಸೆ. ಗೇಮ್, ಅನಿಮೇಷನ್ ಸ್ಟುಡಿಯೋದವರು ಏನು ನೋಡುತ್ತಾರೆ? ಹುಬ್ಬಳ್ಳಿಯಲ್ಲಿ ಒಂದು ಇನ್‌ಸ್ಟಿಟ್ಯೂಟಿನವರು ಒಂದು ವರ್ಷದ ಕೋರ್ಸಿಗೆ ಮೂರೂವರೆ ಲಕ್ಷ ಹೇಳಿದರು, "ಪ್ಲೇಸ್‌ಮೆಂಟ್ ಗ್ಯಾರಂಟಿ" ಅಂತ ಬೋರ್ಡೇ ಹಾಕಿದ್ದಾರೆ. ಸೇರಬೇಕಾ? ಅಪ್ಪ ಬೇಡ ಅನ್ನುವುದಿಲ್ಲ, ಆದರೆ "ಮಾರ್ಚ್ ಕಳೆಯಲಿ, ಆಡಿಟ್ ಮುಗೀಲಿ" ಅನ್ನುತ್ತಾರೆ. ಮೂರನೇ ಮಾರ್ಚ್ ಬರುತ್ತಿದೆ. ಮತ್ತೆ ಈ ಎಐ ಬಂದಮೇಲೆ ಇದೆಲ್ಲ ಬೇಕಾ ಅಂತಲೂ ಒಂದು ಹೆದರಿಕೆ. ನೇರವಾಗಿ ಹೇಳಿ, ಬೇಜಾರಿಲ್ಲ.

ಹಳೇ_ಪೆನ್ಸಿಲ್

ಬೆಂಗಳೂರಿನ ಗೇಮ್ ಆರ್ಟ್ ಸ್ಟುಡಿಯೋಗಳಲ್ಲಿ ನನಗೆ 11 ವರ್ಷ ಆಯಿತು. ಹೊಸಬರ ಪೋರ್ಟ್‌ಫೋಲಿಯೋ ನೋಡುವುದೂ ನನ್ನ ತಲೆಗೇ ಬಂದಿದೆ, ಹಾಗಾಗಿ ನಿಮ್ಮ ಪೇಜ್ ಪೂರ್ತಿ ನೋಡಿದೆ. ಅಜ್ಜಿ ಚೆನ್ನಾಗಿದ್ದಾಳೆ. ಸುಮ್ನೆ ಹೊಗಳುತ್ತಿಲ್ಲ. ಆ ಮೂಗುತಿ, ಬುಟ್ಟಿಯ ಕೆಳಗೆ ಒಂದು ಬದಿಗೆ ಜಾರಿದ ಸಿಂಬೆ, ಅದೆಲ್ಲ ಕಣ್ಣಾರೆ ನೋಡಿದವರಿಗೆ ಮಾತ್ರ ಬರುತ್ತದೆ.

ಆದರೆ ನಲವತ್ತರಲ್ಲಿ ಮೂವತ್ತಕ್ಕಿಂತ ಜಾಸ್ತಿ ಚಿತ್ರ ಎದೆಯವರೆಗೆ ಮಾತ್ರ. ಎಲ್ಲದರಲ್ಲೂ ಅಜ್ಜಿ ಎಡಕ್ಕೇ ತಿರುಗಿದ್ದಾಳೆ. ಪಾದ ಎಲ್ಲೂ ಇಲ್ಲ. ಕೈ ಬುಟ್ಟಿಯ ಹಿಂದೆ ಅಡಗಿದೆ. ಬೆನ್ನಂತೂ ಒಂದರಲ್ಲೂ ಕಾಣಲಿಲ್ಲ.

ಪಾತ್ರದ ಚಿತ್ರ ಬೇರೆ, ಪಾತ್ರದ ಡಿಸೈನ್ ಬೇರೆ. ಸಂಬಳ ಬರುವುದು ಎರಡನೆಯದಕ್ಕೆ. ನಿಮ್ಮ ಶೀಟ್ ಮುಂದಿಟ್ಟುಕೊಂಡು ಇನ್ನೊಬ್ಬರು, ನಿಮಗೆ ಒಂದು ಫೋನೂ ಮಾಡದೆ, ಆ ಅಜ್ಜಿಯನ್ನು ತ್ರೀಡಿಯಲ್ಲಿ ಕಟ್ಟಬೇಕು, ಆಮೇಲೆ ರಿಗ್ಗಿಂಗ್ ಮಾಡುವವರು ಒಳಗೆ ಮೂಳೆ ಕೂರಿಸಬೇಕು, ಆಮೇಲೆ ಅನಿಮೇಟರ್ ಅವಳನ್ನು ಓಡಿಸಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಬೇಟೆಗಾರನ ಭುಜಕ್ಕೆ ದೊಡ್ಡ ಕವಚ ಹಾಕಿ ಕೊಟ್ಟಿದ್ದೆ. ಎಲ್ಲರಿಗೂ ಇಷ್ಟ ಆಯಿತು. ಮೂರು ದಿನ ಬಿಟ್ಟು ರಿಗ್ಗರ್ ನನ್ನ ಟೇಬಲ್ ಹತ್ತಿರ ಬಂದು ನಿಂತರು. ಮಾತಿಲ್ಲ. ತಮ್ಮ ಕೈಯನ್ನೇ ಮೇಲೆತ್ತಿ, "ಈಗ ನಿಮ್ಮ ತಗಡು ಎಲ್ಲಿಗೆ ಹೋಗುತ್ತೆ ಹೇಳಿ" ಅಂದರು. ಕಿವಿಯೊಳಗೆ ಹೋಗುತ್ತಿತ್ತು. ಅವತ್ತಿನಿಂದ ಏನೇ ಬರೆದರೂ ಮೊದಲು ಕೈ ಎತ್ತಿಸಿ, ಕುಕ್ಕರಗಾಲಲ್ಲಿ ಕೂರಿಸಿ ನೋಡುತ್ತೇನೆ.

ಹಾಗಾಗಿ ಹೊಸ ಪಾತ್ರ ಬೇಡ, ಇದೇ ಅಜ್ಜಿ ಸಾಕು. ಮುಂದಿನಿಂದ, ಮುಕ್ಕಾಲು ತಿರುವಿನಲ್ಲಿ, ಪಕ್ಕದಿಂದ, ಹಿಂದಿನಿಂದ ನಿಲ್ಲಿಸಿ. ಅಡ್ಡಗೆರೆ ಎಳೆದುಕೊಳ್ಳಿ, ಕಣ್ಣು ಸೊಂಟ ಮೊಣಕಾಲು ನಾಲ್ಕರಲ್ಲೂ ಒಂದೇ ಎತ್ತರಕ್ಕೆ ಬರಬೇಕು. ಇದನ್ನು ಟರ್ನ್‌ಅರೌಂಡ್ ಅನ್ನುತ್ತಾರೆ. ಆಮೇಲೆ ಆರೇಳು ಮುಖಭಾವ, ನಾಲ್ಕು ಭಂಗಿ. ಮೆಟ್ಟುಗತ್ತಿಯನ್ನು ಬೇರೆಯಾಗಿ ದೊಡ್ಡದಾಗಿ ಬರೆದು ತೋರಿಸಿ, ಅದರ ಮಣೆ ಮಡಚುತ್ತದಾ, ಓಡುವಾಗ ಎಲ್ಲಿ ಸಿಕ್ಕಿಸಿಕೊಳ್ಳುತ್ತಾಳೆ, ಅದೆಲ್ಲ. ಮೊದಲ ದಿನದ ಕಚ್ಚಾ ಗೀಚುಗಳನ್ನೂ ಹಾಕಿ, ಯಾಕೆ ಇದನ್ನು ಬಿಟ್ಟು ಅದನ್ನು ಆರಿಸಿದಿರಿ ಅನ್ನುವುದು ನಮಗೆ ಫಿನಿಶಿಂಗಿಗಿಂತ ಮುಖ್ಯ. ಕಲಾವಿದರು ಕೆಲಸ ತೋರಿಸುವ ಆರ್ಟ್‌ಸ್ಟೇಷನ್ ವೆಬ್‌ಸೈಟಿನಲ್ಲಿ ಇಂಥ ಮೂರು ಪಾತ್ರ ಇದ್ದರೆ ನಲವತ್ತು ಬಿಡಿ ಚಿತ್ರಕ್ಕಿಂತ ಜಾಸ್ತಿ ತೂಕ.

ಇನ್ನು ಕೆಲಸದ ಮಾತು. ಬೆಂಗಳೂರಿಗೆ ಗೇಮ್ ಕೆಲಸ ಹೊಸದಲ್ಲ. ಧ್ರುವ ಇಂಟರ್‌ಆಕ್ಟಿವ್ 1997ರಲ್ಲೇ ಶುರುವಾಗಿತ್ತು, 2019ರಲ್ಲಿ ಗೇಮ್ ಕಂಪನಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಆದರೆ ಇಲ್ಲಿ ಬರುವ ಕೆಲಸದಲ್ಲಿ ತುಂಬಾ ಭಾಗ ಹೊರದೇಶದವರು ಮೊದಲೇ ಡಿಸೈನ್ ಮಾಡಿ ಕಳಿಸಿದ್ದನ್ನು ತ್ರೀಡಿಯಲ್ಲಿ ಕಟ್ಟಿಕೊಡುವುದು. ಬರೀ ಕ್ಯಾರೆಕ್ಟರ್ ಡಿಸೈನರ್ ಅಂತ ಹೊಸಬರನ್ನು ತೆಗೆದುಕೊಳ್ಳುವುದು ತುಂಬಾ ಕಮ್ಮಿ. ಪಾತ್ರೆ, ಪೆಟ್ಟಿಗೆ, ಕತ್ತಿ, ಬಾಗಿಲು ಬರೆಯುವ ಪ್ರಾಪ್ ಕೆಲಸದಿಂದ ಒಳಗೆ ಬಂದವರೇ ಜಾಸ್ತಿ, ನಾನೂ ಹಾಗೇ ಬಂದೆ, ಎರಡು ವರ್ಷ ಬರೀ ಪೀಪಾಯಿ. ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್ ಉಚಿತ, ಸ್ವಲ್ಪ ಕಲಿತಿಟ್ಟುಕೊಳ್ಳಿ. ಭದ್ರತೆ ಕೇಳಿದರೆ, 2025ರ ಫೆಬ್ರವರಿಯಲ್ಲಿ ಸಿನಿಮಾ ಗ್ರಾಫಿಕ್ಸ್ ಮಾಡುವ ಟೆಕ್ನಿಕಲರ್ ಕಂಪನಿ ಬಾಗಿಲು ಹಾಕಿದಾಗ ಬೆಂಗಳೂರಿನಲ್ಲಿ ಸಾವಿರಾರು ಜನ ಒಟ್ಟಿಗೆ ಕೆಲಸ ಕಳೆದುಕೊಂಡಿದ್ದನ್ನು ಪೇಪರಿನಲ್ಲಿ ಓದಿರುತ್ತೀರಿ. ರಾಜ್ಯ ಸರ್ಕಾರದ್ದು 2024ರಿಂದ 29ರವರೆಗಿನ ಎವಿಜಿಸಿ (ಅನಿಮೇಷನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್) ನೀತಿ ಅಂತ ಒಂದಿದೆ, ಒಳ್ಳೆಯದೇ, ಆದರೆ ನೀತಿ ನೋಡಿ ರಾಜೀನಾಮೆ ಕೊಡಬೇಡಿ.

ಬಾಕಿ_ವಸೂಲಿ

ನಾನು ಮಂಗಳೂರಿನಲ್ಲಿ ಮನೆಯಿಂದಲೇ ಮಾಡುತ್ತೇನೆ, ಆರು ವರ್ಷ ಆಯಿತು. ಕಮಿಷನ್ (ಅಂದರೆ ಜನ ದುಡ್ಡು ಕೊಟ್ಟು ಬರೆಸಿಕೊಳ್ಳುವ ಚಿತ್ರ), ಮಕ್ಕಳ ಪುಸ್ತಕ, ಅಂಗಡಿಗಳಿಗೆ ಗುರುತಿನ ಗೊಂಬೆ, ಅಂದರೆ ಮ್ಯಾಸ್ಕಾಟ್. ಮೇಲೆ ಹೇಳಿದ್ದಕ್ಕೆ ನನ್ನದು ತಕರಾರಿಲ್ಲ, ಆದರೆ ಸ್ಟುಡಿಯೋ ಒಂದೇ ದಾರಿ ಅಲ್ಲ.

ತಂಗಿ, ಮೊದಲು ಆ "ಕೊಡುತ್ತೇನೆ" ಅಂದವರ ವಿಷಯ. ಅರ್ಧ ದುಡ್ಡು ಕೈಗೆ ಬರುವ ತನಕ ಫೈಲ್ ತೆರೆಯಬೇಡಿ. ಪೆನ್ಸಿಲ್ ಹಂತದಲ್ಲಿ ಎರಡು ಸಲ ಬದಲಾವಣೆ, ಬಣ್ಣ ಹಾಕಿದಮೇಲೆ ಒಂದು ಸಲ, ಅದಕ್ಕಿಂತ ಜಾಸ್ತಿ ಆದರೆ ಬೇರೆ ದುಡ್ಡು. ಇದನ್ನು ವಾಟ್ಸಾಪಿನಲ್ಲಿ ಮೊದಲೇ ಹಾಕಿ, ಅವರಿಂದ "ಓಕೆ" ತೆಗೆದುಕೊಳ್ಳಿ. ಪೂರ್ತಿ ದುಡ್ಡು ಬಂದಮೇಲೆಯೇ ದೊಡ್ಡ ಫೈಲ್. ನಾಚಿಕೆ ಆಗುತ್ತದೆ, ಗೊತ್ತು. ನನಗೆ ಎರಡು ವರ್ಷ ನಾಚಿಕೆ ಆಗಿತ್ತು, ಆ ಎರಡು ವರ್ಷದ ಬಾಕಿ ಇನ್ನೂ ಡೈರಿಯಲ್ಲಿದೆ.

ರೇಟಿನ ಬಗ್ಗೆ: ಒಂದು ಪೂರ್ತಿ ಪಾತ್ರಕ್ಕೆ ನಿಮಗೆ ಎಷ್ಟು ಗಂಟೆ ಹಿಡಿಯುತ್ತದೆ ಅಂತ ಮೊದಲು ಬರೆದಿಡಿ. ಆ 500 ರೂಪಾಯಿ ಚಿತ್ರಕ್ಕೆ ಎಷ್ಟು ರಾತ್ರಿ ಹೋಯಿತು? ಸೊಸೈಟಿ ಸಂಬಳವನ್ನು ಗಂಟೆಗೆ ಭಾಗಿಸಿ ಪಕ್ಕದಲ್ಲಿಟ್ಟು ನೋಡಿ. ನೀವು ಬಿ.ಕಾಂ., ನಿಮಗೆ ನಾನು ಹೇಳಬೇಕಾ.

ಇನ್ನೊಂದು, ಇದು ನಾನು ಪೆಟ್ಟು ತಿಂದು ಕಲಿತದ್ದು. ಒಂದು ತಿಂಡಿ ಅಂಗಡಿಗೆ ಬೋರ್ಡಿಗೆ ಅಂತ ಒಂದು ಆನೆಮರಿ ಬರೆದುಕೊಟ್ಟೆ, 3,000 ರೂಪಾಯಿಗೆ. ಆರು ತಿಂಗಳಲ್ಲಿ ಅದು ಚಿಪ್ಸ್ ಪ್ಯಾಕೆಟ್ಟಿನ ಮೇಲೆ, ಡೆಲಿವರಿ ಗಾಡಿಯ ಮೇಲೆ, ಕ್ಯಾಲೆಂಡರಿನ ಮೇಲೆ. ನಮ್ಮ ಮನೆಗೇ ಒಂದು ಕ್ಯಾಲೆಂಡರ್ ಬಂತು, ಮೊಳೆ ಹೊಡೆದು ನೇತುಹಾಕಿದ್ದೂ ನಾನೇ. ಕೇಳಿದರೆ "ದುಡ್ಡು ಕೊಟ್ಟಿದ್ದೇವಲ್ಲ" ಅಂದರು. ಬರೆದವನದೇ ಹಕ್ಕು ಅಂದುಕೊಂಡಿದ್ದೆ. ವಕೀಲರು 1957ರ ಕಾಪಿರೈಟ್ ಕಾಯ್ದೆ ತೆಗೆದು ತೋರಿಸಿದರು. ಸಂಬಳಕ್ಕಿದ್ದು ಕಂಪನಿ ಕೆಲಸವಾಗಿ ಬರೆದದ್ದು ಕಂಪನಿಯದು. ದುಡ್ಡು ಕೊಟ್ಟು ಹೇಳಿ ಬರೆಸಿದ ಪೇಂಟಿಂಗ್, ಪೋರ್ಟ್ರೇಟಿಗೂ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವನೇ ಮೊದಲ ಮಾಲೀಕ. ಒಪ್ಪಂದ ಇದ್ದರೆ ಮಾತ್ರ ಕತೆ ಬೇರೆ. ಹಕ್ಕು ಬರೆದುಕೊಡುವುದಾದರೆ ಕಾಗದದಲ್ಲಿ ಸಹಿ ಬೇಕು. ಎಷ್ಟು ವರ್ಷ ಅಂತ ಹಾಕದಿದ್ದರೆ ಐದು ವರ್ಷ, ಎಲ್ಲಿ ಅಂತ ಹಾಕದಿದ್ದರೆ ಭಾರತದೊಳಗೆ ಮಾತ್ರ. ನನ್ನ ಹತ್ತಿರ ಕಾಗದವೇ ಇರಲಿಲ್ಲ. ಈಗ ಅರ್ಧ ಪುಟದ್ದು ಒಂದು ಮಾಡಿಟ್ಟಿದ್ದೇನೆ: ಯಾವುದಕ್ಕೆ ಬಳಸುತ್ತಾರೆ, ಎಷ್ಟು ವರ್ಷ, ನನ್ನ ಪೋರ್ಟ್‌ಫೋಲಿಯೋದಲ್ಲಿ ಹಾಕಬಹುದಾ. ಅಷ್ಟೇ.

ಮಕ್ಕಳ ಪುಸ್ತಕಕ್ಕೆ ನಿಮ್ಮ ಕೈ ಹೊಂದುತ್ತದೆ ಅನ್ನಿಸಿತು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ್ದೂ ಬೇಕಾದಷ್ಟು ಉಚಿತವಾಗಿ ಓದಲು ಸಿಗುತ್ತವೆ. ಕತೆ ಬಿಟ್ಟು ಒಂದೇ ಪಾತ್ರವನ್ನು ಪುಟದಿಂದ ಪುಟಕ್ಕೆ ಹಿಂಬಾಲಿಸಿ. ಮಗು ಅಳುವಾಗ, ಮರ ಹತ್ತುವಾಗ, ದೂರದಲ್ಲಿ ಚುಕ್ಕಿಯಷ್ಟು ಕಾಣುವಾಗಲೂ ಅದೇ ಮಗು ಅಂತ ಹೇಗೆ ಗೊತ್ತಾಗುತ್ತದೆ ನೋಡಿ.

ಚೌಕಿಮನೆ

ನಾನು ಈ ಫೀಲ್ಡಿನವನಲ್ಲ, ಯಕ್ಷಗಾನ ಆಟದ ಹುಚ್ಚಿನವನು. ಆ "ಚುಕ್ಕಿಯಷ್ಟು ದೂರದಲ್ಲಿ" ಅಂದದ್ದಕ್ಕೆ ಒಂದು ಮಾತು.

ಚಿಕ್ಕವನಿದ್ದಾಗ ಅಜ್ಜನ ಜೊತೆ ಬಯಲಾಟಕ್ಕೆ ಹೋದರೆ ನಮಗೆ ಜಾಗ ಕೊನೆಯಲ್ಲಿ, ಕಡಲೆ ಮಾರುವವನ ಪಕ್ಕ. ಅಲ್ಲಿಂದ ಮುಖ ಕಾಣುತ್ತಿರಲಿಲ್ಲ. ಆದರೂ ಯಾರು ಬಂದರು ಅಂತ ಗೊತ್ತಾಗುತ್ತಿತ್ತು. ಬಡಗುತಿಟ್ಟಿನಲ್ಲಿ ದೊಡ್ಡ ಮುಂಡಾಸು ಕಂಡರೆ ಕರ್ಣನಂಥ ವೀರ, ಕೇದಗೆ ಮುಂದಲೆ ಅನ್ನುವ ತಲೆಕಟ್ಟು ಕಂಡರೆ ಅಭಿಮನ್ಯುವೋ ಬಬ್ರುವಾಹನನೋ, ಹರೆಯದ ಹುಡುಗ. ರಾಕ್ಷಸರ ಬಣ್ಣದ ವೇಷ ಆದರೆ ತೆರೆಯ ಹಿಂದೆ ಇರುವಾಗಲೇ ಮಕ್ಕಳು ಅಜ್ಜನ ಮಡಿಲಿಗೆ. ತಲೆಯ ಆಕಾರದಲ್ಲೇ ವಯಸ್ಸು, ಗುಣ, ದರ್ಜೆ ಎಲ್ಲ ಹೇಳಿ ಮುಗಿಸಿರುತ್ತಾರೆ. ನಿಮ್ಮ ಅಜ್ಜಿಗೆ ಪೂರ್ತಿ ಕಪ್ಪು ಬಣ್ಣ ತುಂಬಿಸಿ ಫೋನನ್ನು ಕೈಯಷ್ಟು ದೂರ ಹಿಡಿದು ನೋಡಿ. ಬುಟ್ಟಿ ಇದ್ದಾಗ ಅವಳೇ. ಬುಟ್ಟಿ ಇಳಿಸಿದಮೇಲೆ?

ಇಎಂಐ_ಕಲಾವಿದ

ಆ ಕೋರ್ಸಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬೇರೆ ಊರು, ಬೇರೆ ಇನ್‌ಸ್ಟಿಟ್ಯೂಟ್, ಬೋರ್ಡು ಮಾತ್ರ ಅದೇ. ನಾನು ಸಾಲ ಮಾಡಿ ಸೇರಿದೆ. ಕಲಿಸಿದ್ದು ಸಾಫ್ಟ್‌ವೇರ್: ಈ ಬಟನ್ ಒತ್ತಿದರೆ ಇದಾಗುತ್ತದೆ. ಶರೀರದ ಅಳತೆ, ಭಂಗಿ, ಬಟ್ಟೆಯ ಮಡಿಕೆ ಹೇಗೆ ಬೀಳುತ್ತದೆ, ಅದೆಲ್ಲ ಒಂದೇ ವಾರದಲ್ಲಿ ಮುಗಿಸಿದರು. "ಪ್ಲೇಸ್‌ಮೆಂಟ್" ಅಂದರೆ ಮದುವೆ ಆಲ್ಬಂ ಮಾಡುವ ಅಂಗಡಿ. ಅದು ಕೆಟ್ಟ ಕೆಲಸ ಅನ್ನುತ್ತಿಲ್ಲ, ಹತ್ತು ತಿಂಗಳು ಅದೇ ನನಗೆ ಅನ್ನ ಹಾಕಿತು. ಅದಕ್ಕೆ ಮೂರು ಲಕ್ಷ ಬೇಕಿರಲಿಲ್ಲ, ಅಷ್ಟೇ.

ಸೇರಲೇಬೇಕು ಅಂದರೆ ಬೋರ್ಡು ಬಿಟ್ಟು ಹಿಂದಿನ ಬ್ಯಾಚಿನವರ ಪೋರ್ಟ್‌ಫೋಲಿಯೋ ಕೇಳಿ, ಐದು ಜನರ ಜೊತೆ ನೀವೇ ಮಾತಾಡಿ. ತೋರಿಸಲು ತಡಮಾಡಿದರೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ. ಗಟ್ಟಿಯಾಗಿ ಕೂತು ಕಲಿಯಬೇಕು ಅಂದರೆ ಮೈಸೂರಿನ ಕಾವಾ ಕಲಾ ಕಾಲೇಜಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿದೆ, ಆದರೆ ಅವು ವರ್ಷಗಟ್ಟಲೆಯ ದಾರಿ, ಸಂಬಳ ಬಿಡಬೇಕಾಗುತ್ತದೆ. ನಿಮ್ಮ ಹತ್ತಿರ ಟ್ಯಾಬ್ಲೆಟ್ ಇದೆ, ಕ್ರಿಟಾಗೆ ದುಡ್ಡಿಲ್ಲ. ದಿನಾ ಒಂದು ಗಂಟೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಜನರನ್ನು ಪೆನ್ನಿನಲ್ಲಿ ಬರೆಯಿರಿ, ರಬ್ಬರ್ ಬೇಡ. ನಾನು ನಿಜವಾಗಿ ಕಲಿತದ್ದು ಆ ಕಲ್ಲಿನ ಕಟ್ಟೆಯ ಮೇಲೆ.

ಭಾನುವಾರ_ಮಾತ್ರ

ಒಂದು ಉಲ್ಟಾ ಮಾತು. ನಾನು ಕೆಲಸ ಬಿಟ್ಟು ಒಂದೂವರೆ ವರ್ಷ ಪೂರ್ತಿ ಇದರಲ್ಲೇ ಇದ್ದೆ. ಹಗಲೆಲ್ಲ ಬೇರೆಯವರ ಪಾತ್ರ ಬರೆದು, ರಾತ್ರಿ ನನ್ನದು ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ. ವಾಪಸ್ ಬ್ಯಾಂಕ್ ಕೆಲಸ ಹಿಡಿದೆ. ಈಗ ವರ್ಷಕ್ಕೆ ನಾಲ್ಕೈದು ಕಮಿಷನ್, ಮನಸ್ಸಿಗೆ ಬಂದವರದ್ದು ಮಾತ್ರ. ಖುಷಿಯಾಗಿದ್ದೇನೆ. ಸೋತೆ ಅಂತ ಯಾರಾದರೂ ಅಂದರೆ ಅನ್ನಲಿ.

ಮೀನಜ್ಜಿ_ಸ್ಕೆಚ್

ಅಯ್ಯೋ, ಎಷ್ಟೊಂದು ಬರೆದಿದ್ದೀರಿ. ಎಲ್ಲರಿಗೂ ಥ್ಯಾಂಕ್ಸ್.

@ಬಾಕಿ_ವಸೂಲಿ ಅಣ್ಣ, ಲೆಕ್ಕ ಹಾಕಿದೆ. ಆ ಚಿತ್ರಕ್ಕೆ 14 ಗಂಟೆ ಹೋಗಿತ್ತು. ಗಂಟೆಗೆ 36 ರೂಪಾಯಿಯೂ ಬೀಳಲಿಲ್ಲ. ನಮ್ಮ ತೋಟಕ್ಕೆ ಬರುವವರ ಹತ್ತಿರ ಇದನ್ನು ಹೇಳಿದರೆ ನಗುತ್ತಾರೆ. ಕಾಪಿರೈಟಿನದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

@ಚೌಕಿಮನೆ, ಕಪ್ಪು ತುಂಬಿಸಿ ನೋಡಿದೆ. ಬುಟ್ಟಿ ಇಲ್ಲದಿದ್ದರೆ ಯಾವ ಅಜ್ಜಿಯೂ ಆಗಬಹುದು. ಬೇಜಾರಾಯಿತು, ಆಮೇಲೆ ಸೊಂಟ ಸ್ವಲ್ಪ ಒಂದು ಬದಿಗೆ ವಾಲಿಸಿ, ಸಿಂಬೆಯನ್ನು ಯಾವಾಗಲೂ ತಲೆ ಮೇಲೇ ಬಿಟ್ಟೆ. ಪರವಾಗಿಲ್ಲ ಅನ್ನಿಸುತ್ತಿದೆ.

ಇನ್‌ಸ್ಟಿಟ್ಯೂಟಿಗೆ ಫೋನ್ ಮಾಡಿ ಹಿಂದಿನ ಬ್ಯಾಚಿನವರ ನಂಬರ್ ಕೇಳಿದೆ. "ಮೇಡಂ, ಮೊದಲು ಅಡ್ಮಿಷನ್ ಮಾಡಿಸಿ" ಅಂದರು. ಅಲ್ಲಿಗೆ ಬಿಟ್ಟೆ. ಆಯಿಗೆ ಖುಷಿ, ಅಪ್ಪನಿಗೆ ಜಾಸ್ತಿ ಖುಷಿ. ಸೊಸೈಟಿ ಕೆಲಸ ಸದ್ಯಕ್ಕೆ ಬಿಡುವುದಿಲ್ಲ, ಒಂದು ವರ್ಷದಲ್ಲಿ ಮೂರು ಪಾತ್ರದ ಶೀಟ್ ಮಾಡುತ್ತೇನೆ. @ಹಳೇ_ಪೆನ್ಸಿಲ್ ಸರ್, ಆಮೇಲೆ ನೋಡುತ್ತೀರಾ? ಎಐ ಬಗ್ಗೆಯೂ ಒಂದು ಮಾತು ಹೇಳಿ.

ಹಳೇ_ಪೆನ್ಸಿಲ್

ನೋಡುತ್ತೇನೆ, ಕಳಿಸಿ. ಎಐ ಬಗ್ಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಗಡಿಬಿಡಿಯಲ್ಲಿ ಒಂದು ಚಂದದ ಮುಖ ಬೇಕು ಅನ್ನುವ ಅಗ್ಗದ ಕೆಲಸಕ್ಕೆ ಅದರಿಂದ ಪೆಟ್ಟು ಬಿದ್ದಿದೆ. ಆದರೆ ನಿನ್ನೆಯ ಪಾತ್ರವನ್ನೇ ಇವತ್ತು ಹಿಂದಿನಿಂದ ತೋರಿಸು ಅಂದರೆ ಗುಂಡಿಯ ಸಂಖ್ಯೆ ಬದಲಾಗಿರುತ್ತದೆ, ಮುಂದಿದ್ದ ಪಟ್ಟಿ ಹಿಂದೆ ಮಾಯ. ಅದನ್ನು ಸರಿ ಮಾಡಲು ನಮ್ಮ ಟೀಮಿನವರು ಕೂರುತ್ತಾರೆ. ನಾಳೆ ಹೇಗೋ ಹೇಳಲಾರೆ, ಇವತ್ತು ಹೀಗಿದೆ. ಮತ್ತೆ, ಕೆಲಸಕ್ಕೆ ಮೊದಲು ಆರ್ಟ್ ಟೆಸ್ಟ್ ಕೊಡುತ್ತಾರೆ. ಎರಡು ಮೂರು ದಿನದ್ದಾದರೆ ಮಾಡಿ. ಹದಿನೈದು ದಿನದ ಟೆಸ್ಟನ್ನು ದುಡ್ಡಿಲ್ಲದೆ ಕೇಳಿದರೆ ಅದು ಟೆಸ್ಟ್ ಅಲ್ಲ, ಕೆಲಸ.

ಟರ್ನ್‌ಅರೌಂಡ್ ಎಲ್ಲಿಗೆ ಬಂತು?

ಮೀನಜ್ಜಿ_ಸ್ಕೆಚ್

ಮುಂದೆ, ಪಕ್ಕ, ಮುಕ್ಕಾಲು ಆಯಿತು. ಹಿಂದಿನದಕ್ಕೆ ಸಿಕ್ಕಿಬಿದ್ದಿದ್ದೇನೆ. ಸೆರಗನ್ನು ಹಿಂದಿನಿಂದ ಸುತ್ತಿ ತಂದು ಸಿಕ್ಕಿಸುತ್ತಾರಲ್ಲ, ಅದು ಬೆನ್ನಿನ ಮೇಲೆ ಹೇಗೆ ಹಾದು ಬರುತ್ತದೆ ಅಂತ ನೆನಪೇ ಆಗುತ್ತಿಲ್ಲ. ಇಷ್ಟು ವರ್ಷ ಎದುರಿಗೆ ನಿಂತು ಮೀನು ತೆಗೆದುಕೊಂಡಿದ್ದೇ ಹೊರತು ಹಿಂದೆ ಹೋಗಿ ನೋಡಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಕುಮಟಾಕ್ಕೆ ಹೋಗುತ್ತಿದ್ದೇನೆ.

ಚೌಕಿಮನೆ

ಸುಮ್ನೆ ಬೆನ್ನು ನೋಡುತ್ತಾ ನಿಂತರೆ ಬೈಸಿಕೊಳ್ಳುತ್ತೀರಿ. ಮೊದಲು ಒಂದು ಪಾಲು ಬಂಗಡೆ ತೆಗೆದುಕೊಳ್ಳಿ.