ಸಹಾಯ ಬೇಕು: ಗಿಟಾರ್ ಟಾಪ್‌ಗೆ ಎಷ್ಟು ಉಬ್ಬು ಕೊಡಲಿ?

ಎಲ್ಲರಿಗೂ ನಮಸ್ಕಾರ. ನಾನು ಮಡಗಾಂವ್‌ನಲ್ಲಿ ಮನೆಯಲ್ಲೇ ಅಕೌಸ್ಟಿಕ್ ಗಿಟಾರ್ ಕಟ್ಟುತ್ತಿದ್ದೇನೆ. ಸ್ಪ್ರೂಸ್ ಮರದ ಟಾಪ್ (ತಂತಿಗಳ ಕೆಳಗಿನ ಮುಂಭಾಗದ ಹಲಗೆ), ರೋಸ್‌ವುಡ್ ಬ್ಯಾಕ್ (ಹಿಂಭಾಗದ ಹಲಗೆ). ಸಾಮಾನ್ಯವಾಗಿ ಟಾಪ್‌ಗೆ 25ರಿಂದ 30 ಅಡಿ ರೇಡಿಯಸ್ (ಉಬ್ಬನ್ನು ದೊಡ್ಡ ಗೋಳದ ತುಣುಕು ಎಂದುಕೊಂಡರೆ ಆ ಗೋಳದ ತ್ರಿಜ್ಯ), ಬ್ಯಾಕ್‌ಗೆ 15 ಅಡಿ ಆಸುಪಾಸು ಇಡುತ್ತಾರೆ. ಅಡಿ ಕಡಿಮೆಯಾದಷ್ಟೂ ಉಬ್ಬು ಜಾಸ್ತಿ, ಅಲ್ವಾ?

ಬ್ಯಾಕ್ ಬಗ್ಗೆ ಗೊಂದಲವಿಲ್ಲ. ಚಿಂತೆ ಇರುವುದು ಟಾಪ್ ಮತ್ತು ಇಲ್ಲಿನ ಮಳೆಗಾಲದ್ದು. ತೇವ ಹೀರಿದ ಮರ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಟಾಪ್‌ನ ಒಳಬದಿಗೆ ಅಡ್ಡಲಾಗಿ ಅಂಟಿಸಿದ ಬ್ರೇಸ್ (ಆಧಾರದ ಮರದ ಪಟ್ಟಿ) ಉದ್ದಕ್ಕೆ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ಟಾಪ್ ಇನ್ನೂ ಮೇಲೇಳುತ್ತದೆ, ತಂತಿಗಳೂ ಎತ್ತರವಾಗುತ್ತವೆ. ಇದೇ ಗಿಟಾರ್ ಬೇಸಿಗೆಯಲ್ಲಿ ಒಣ ಊರಿಗೆ ಹೋದರೆ ಮರ ಕುಗ್ಗುತ್ತದೆ. ಉಬ್ಬೇ ಇಲ್ಲದ ಟಾಪ್ ಆಗ ಒಳಕ್ಕೆ ಕುಸಿದು ಸೀಳಬಹುದು. ಅದಕ್ಕೇ ಸಪಾಟಾಗಿ ಬಿಡಲು ಮನಸ್ಸಿಲ್ಲ.

28 ಅಡಿ ಸಾಕೇ, 25ಕ್ಕೆ ಇಳಿಯಲೇ? ಬ್ರೇಸ್ ಅಂಟಿಸುವಾಗ ಕೋಣೆಯ ತೇವಾಂಶ ಶೇ 45ರ ಸುತ್ತ ಇಟ್ಟುಕೊಂಡರೆ ಸಾಕಾ? ಕರಾವಳಿಯಲ್ಲಿ ಗಿಟಾರ್ ಕಟ್ಟಿದವರು ದಯವಿಟ್ಟು ತಿಳಿಸಿ.